ಇಬ್ಬರೂ ಮರೆಯುವ ದಿನ

ಮೊನ್ನೆ ಭಾನುವಾರ ಅಕ್ಕನ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟೆ. ಶಹಾಪುರದ ನಮ್ಮ ಮನೆಯಲ್ಲಿ ಅದನ್ನು ತುಳಿಯುವವರು ಯಾರೂ ಇಲ್ಲ. ಜಂಗು ಹಿಡಿಯಬಾರದೆಂದು ತಿಂಗಳಿಗೊಮ್ಮೆ ಬಿಡುತ್ತೇನೆ, ಅಷ್ಟೇ. ಆ ಎಣ್ಣೆಯ ವಾಸನೆ ಬಂದರೆ ಸಾಕು, ಕೊಂಕಲ್ಲಿನ ಅವಳ ಒಂದು ಕೋಣೆಯ ಮನೆ ನೆನಪಾಗುತ್ತದೆ. ಜೊತೆಗೆ ನನ್ನ ಲೆಕ್ಕವೂ.

ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳುವವನು. ಈ ಕಸುಬಿನವರಿಗೆ ಒಂದು ರೋಗವಿದೆ ನೋಡಿ: ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಹುಳುಕು ಬರುವ ಸಂಭವ ಎಷ್ಟೆಂದು ಯೋಚಿಸುವುದು. ಎಷ್ಟು ಯೋಚಿಸಿದರೂ ಹುಳುಕು ನನ್ನ ಚೀಲಕ್ಕೇ ಬರುತ್ತದೆ.

ಶಾಂತಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಕೊಂಕಲ್ಲಿನಲ್ಲಿ ಒಬ್ಬಳೇ ಇದ್ದು ಊರಿನ ಹೆಣ್ಣುಮಕ್ಕಳಿಗೆ ಜಂಪರು ಹೊಲಿದುಕೊಡುತ್ತಿದ್ದಳು. ಮಕ್ಕಳಿರಲಿಲ್ಲ. ಆಗಾಗ ಫಿಟ್ಸ್ ಬರುತ್ತಿತ್ತು. ನಮ್ಮ ಮನೆಗೆ ಬಂದುಬಿಡು ಎಂದು ಕರೆದೆ.

"ಒಲ್ಲೆ ತಮ್ಮಾ. ನನ್ನ ಮಿಷನ್ ಅದ, ಕೈ ಅವ. ನಿಮ್ಮನ್ಯಾಗ ಬಂದು ಯಾರರ ಊಟಕ್ಕ ಕರೀತಾರೇನಂತ ಕಾಯ್ಕೋತ ಕುಂದ್ರಲೇನು? ನೀ ಫಿಕರ್ ಮಾಡಬ್ಯಾಡ."

ಅದು ಅವಳ ಸ್ವಾತಂತ್ರ್ಯ. ನಾನು ಎರಡನೇ ಸಲ ಕರೆಯಲಿಲ್ಲ. ನಮ್ಮದು ಎರಡೇ ಕೋಣೆಯ ಮನೆ. ಖರೆ ಹೇಳಬೇಕೆಂದರೆ ನನಗೆ ಹಗುರವೇ ಆಗಿತ್ತು. ಹೆಂಡತಿಗೆ ಮಾತ್ರ, ಎಷ್ಟು ಕರೆದರೂ ಒಲ್ಲೆ ಅಂದಳು ಎಂದು ಹೇಳಿದೆ.

ಅಕ್ಕ ದಿನಾ ಬೆಳಿಗ್ಗೆ ಎದ್ದವಳೇ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. ಎದುರು ಮನೆಯ ಭೀಮವ್ವನಿಗೂ ಪಕ್ಕದ ಯಲ್ಲಮ್ಮನಿಗೂ ಹೇಳಿಟ್ಟೆ: ಬೆಳಗಾದ ಮೇಲೂ ಅಂಗಳ ಒಣಗಿದ್ದರೆ ಬಾಗಿಲು ಬಡಿಯಿರಿ. ವಾಪಸು ಬರುವಾಗ ಬಸ್ಸಿನಲ್ಲಿ ಒಂದು ಮದುವೆ ಕಾರ್ಡಿನ ಹಿಂಬದಿಗೆ ಲೆಕ್ಕ ಹಾಕಿದೆ. ಭೀಮವ್ವ ಹತ್ತು ದಿನಕ್ಕೊಮ್ಮೆ ಮರೆತಾಳು, ಯಲ್ಲಮ್ಮನೂ ಅಷ್ಟೇ. ಇಬ್ಬರೂ ಒಂದೇ ದಿನ ಮರೆಯುವುದು ನೂರಕ್ಕೊಂದು. ಅದೇ ದಿನ ಫಿಟ್ಸೂ ಬರಬೇಕು. ಗುಣಿಸಿದಷ್ಟೂ ಭಯ ಸಣ್ಣದಾಗುತ್ತಾ ಹೋಯಿತು. ಸ್ವತಂತ್ರ ಘಟನೆಗಳಾದರೆ ಮಾತ್ರ ಗುಣಿಸಬೇಕು, ಒಂದು ನಡೆದದ್ದರಿಂದ ಇನ್ನೊಂದಕ್ಕೆ ಏನೂ ಆಗಬಾರದು. ಈ ಷರತ್ತನ್ನು ಮಕ್ಕಳಿಗೆ ಎರಡೆರಡು ಸಲ ಹೇಳುವವನು ಆ ದಿನ ನನಗೆ ನಾನೇ ಹೇಳಿಕೊಳ್ಳಲಿಲ್ಲ.

ಹತ್ತಿ ಬಿಡಿಸುವ ಕಾಲದಲ್ಲಿ ಓಣಿಯ ಹೆಂಗಸರೆಲ್ಲ ಒಂದೇ ಟಂಟಂ ಗಾಡಿಯಲ್ಲಿ ಕೂಲಿಗೆ ಹೋಗುತ್ತಾರೆ. ದೂರದ ಹೊಲವಾದರೆ ಬೆಳಕು ಹರಿಯುವ ಮೊದಲೇ. ನನಗೆ ಗೊತ್ತಿರದ ಸಂಗತಿಯೇ? ನಮ್ಮ ಅವ್ವನೂ ಹಾಗೇ ಹೋಗುತ್ತಿದ್ದಳು, ಆ ಗಾಡಿಯ ಹಿಂದೆ ಅಳುತ್ತಾ ಓಡಿದವನು ನಾನೇ.

ಒಂದು ದಿನ ಭೀಮವ್ವ, ಯಲ್ಲಮ್ಮ ಇಬ್ಬರೂ ಹಾಗೇ ಹೋದರು. ಸಂಜೆ ಗಾಡಿಯಿಂದ ಇಳಿದಾಗ ಅಕ್ಕನ ಅಂಗಳ ಒಣಗಿತ್ತು. ಬಾಗಿಲು ಒಡೆದು ನೋಡಿದರೆ ಮಿಷನ್ನಿನ ಪಕ್ಕ ಬೋರಲು ಬಿದ್ದಿದ್ದಳು. ಮಧ್ಯಾಹ್ನದ ತನಕ ಜೀವ ಇದ್ದಿರಬೇಕು ಎಂದರು ಡಾಕ್ಟರು. ಆ ಮಾತನ್ನು ಅವರು ಹೇಳಬಾರದಿತ್ತು.

ಮಣ್ಣು ಮಾಡಿ ಬಂದ ಮೇಲೆ ಭೀಮವ್ವ ನನ್ನ ಮುಂದೆ ಬಂದು ಕುಳಿತಳು.

"ಯಲ್ಲಮ್ಮ ಮನ್ಯಾಗ ಉಳದಾಳ, ಆಕಿ ನೋಡ್ತಾಳ ಅನ್ಕೊಂಡಿದ್ನಿರಿ ಸರ. ಊರ ದಾಟಿ ಬೆಳಕಾದ ಮ್ಯಾಲ ನೋಡಿದ್ರ ನನ್ನ ಬಾಜೂಕ ಕುಂತಾಳ. ಆಕಿನೂ ನನ್ನ ಮಾರಿ ನೋಡಿದ್ಳು. ಇಳಿಯಾಕ ಇಬ್ರಿಗೂ ಮನಸ್ಸಾಗಲಿಲ್ರಿ. ಒಂದಿನಕ್ಕ ಏನಾಗ್ತದ ಅನ್ಕೊಂಡ್ವಿ."

ಬೈಯಬೇಕೆಂದಿದ್ದೆ. ಆದರೆ ಅವರು ಅಂದುಕೊಂಡದ್ದನ್ನೇ ನಾನು ಪೆನ್ನು ಹಿಡಿದು ಬರೆದಿದ್ದೆ.

ಈ ವರ್ಷವೂ ಆ ಸಂಭವನೀಯತೆಯ ಪಾಠ ಬಂತು. ಎರಡು ಘಟನೆ ಒಟ್ಟಿಗೆ ನಡೆಯುವ ಸಂಭವ ಹೇಗೆ ತೆಗೆಯುವುದು ಎಂದು ಕೇಳಿದೆ. ಒಬ್ಬ ಹುಡುಗಿ ಎದ್ದು, "ಸರ, ಗುಣಿಸ್ಬೇಕ್ರಿ" ಎಂದಳು. ಮೊದಲಾಗಿದ್ದರೆ ಶಹಬ್ಬಾಸ್ ಎನ್ನುತ್ತಿದ್ದೆ. "ತಡಿಯವ್ವ, ಎರಡೂ ಒಂದಾ ಗಾಡ್ಯಾಗ ಹೊಂಟಾವೇನು ಮೊದಲ ನೋಡು" ಎಂದೆ. ಮಕ್ಕಳು ಜೋರಾಗಿ ನಕ್ಕರು.

ಮೊನ್ನೆ ಎಣ್ಣೆ ಬಿಡುವಾಗ ಹೆಂಡತಿ ಬಾಗಿಲಲ್ಲಿ ನಿಂತು, "ಯಾರು ತುಳೀತಾರಂತ ಬಿಡ್ತೀರಿ?" ಎಂದು ಕೇಳಿದಳು. ನನಗೆ ತಡೆಯಲಾಗಲಿಲ್ಲ.

"ಅಕ್ಕನ್ನ ನಾ ಒಂದಾ ಸಲ ಕರದಿದ್ನಿ" ಎಂದೆ.

ಅವಳು ಒಳಗೆ ಬಂದು ಮಿಷನ್ನಿನ ಮುಂದೆ ಕುಳಿತಳು.

"ಎಷ್ಟು ಕರದ್ರೂ ಒಲ್ಲೆ ಅಂದ್ಳು ಅಂತ ಹೇಳಿದ್ರಲ್ರಿ," ಎಂದಳು. "ನಾ ಆಕಿ ಬರ್ತಾಳಂತ ಹೊದಿಯಾಕ ಕೌದಿ ಹೊಲಿದು ಇಟ್ಟಿದ್ನಿ."