ಅಳತೆಗೆ ಹೂಂ ಅನ್ನುವವಳು

ಎದುರುಮನೆಯ ಸಿಸ್ಟರ್ ಅವರ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿ ಹಾಗೇ ನಿಂತುಬಿಟ್ಟಿತ್ತು. ಆಯುಷ್ಯವೆಲ್ಲ ಸಿರಿಂಜು ಒತ್ತಿದ ಬೆರಳು. ಚಹಾದ ಕಪ್ಪು ಹಿಡಿದಾಗಲೂ ಅದೊಂದು ಬೇರೆಯಾಗಿ ನಿಂತಿರುತ್ತಿತ್ತು. ನಾನು ಇಳಕಲ್ಲಿಗೆ ಸೊಸೆಯಾಗಿ ಬಂದಾಗ ಅವರು ನರ್ಸ್ ಕೆಲಸದಿಂದ ನಿವೃತ್ತಿಯಾಗಿ ಒಬ್ಬರೇ ಇದ್ದರು. ಓಣಿಗೆಲ್ಲ ಅವರು ಬರೀ ಸಿಸ್ಟರ್.

ಅವರದೊಂದು ಚಾಳಿ. ಏನನ್ನೇ ಅಳೆಯಲಿ, ಅಳತೆಯನ್ನು ಗಟ್ಟಿಯಾಗಿ ಹೇಳಿ, ಎಡಕ್ಕೆ ಕತ್ತು ಹೊರಳಿಸಿ ಕಾಯುತ್ತಿದ್ದರು. "ಸಕ್ಕರಿ ಎರಡು ಚಮಚಾ" ಅನ್ನುವರು. ಎಡಕ್ಕೆ ಇರುವುದು ಗೋಡೆ. ತುಸು ತಡೆದು, ತಲೆಯಾಡಿಸಿ, ಆಮೇಲೆ ಹಾಕುವರು. ನನಗೋ ನಗು ತಡೆಯುತ್ತಿರಲಿಲ್ಲ. ಒಂದು ಸಂಜೆ ಹೀಗೇ ಕಾದವರು ತಲೆಯಾಡಿಸಲಿಲ್ಲ. ಚಮಚದ ಬಿಳಿ ಪುಡಿಯನ್ನು ನಾಲಿಗೆಗೆ ಹಚ್ಚಿ ನೋಡಿ, "ಉಪ್ಪು" ಎಂದರು. ಅಂದಿನಿಂದ ನನ್ನ ನಗು ನಿಂತಿತು.

"ಯಾರನ್ನ ಕೇಳ್ತೀರಿ ಸಿಸ್ಟರ್?" ಎಂದೆ.

"ನನ್ನ ಜೋಡಿ ಇದ್ದಾಕಿ. ಬಾದಾಮಿ ಕಡೆ ದವಾಖಾನ್ಯಾಗ ಮಕ್ಕಳ ವಾರ್ಡಿಗೆ ನಾವಿಬ್ಬರ ಇದ್ವಿ. ನಾ ಅಳತಿ ಹೇಳಬೇಕು, ಆಕಿ ನೋಡಿ ಹೂಂ ಅನ್ನಬೇಕು. ಅಲ್ಲೀತನಕ ಔಷಧ ಕೊಡಂಗಿಲ್ಲ."

"ಈಗ ಎಲ್ಲಿ ಅದಾರ್ರಿ?"

"ಸತ್ತು ಭಾಳ ವರ್ಷ ಆತು" ಎಂದರು, ನಳದಲ್ಲಿ ನೀರು ಬಂದು ಹೋಯಿತು ಅನ್ನುವಷ್ಟು ಸಹಜವಾಗಿ. ಹೆಸರು ಕೇಳಿದ್ದಕ್ಕೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. "ಹೆಸರು ಹಿಡಿದು ಕರೀಬಾರದವ್ವ. ಕರದ್ರ ಅಳತಿ ಬಿಟ್ಟು ನಮ್ಮ ಮಾರಿ ನೋಡ್ತಾಳ."

ನನ್ನ ಮಗಳು ಇನ್ನೂ ಕೂಸಿದ್ದಾಗ ಆಕೆಗೆ ಫಿಟ್ಸ್ ಶುರುವಾಯಿತು. ಬಾಗಲಕೋಟೆಯ ಡಾಕ್ಟರು ಸೂಜಿಯಿಲ್ಲದ ಸಿರಿಂಜಿನಿಂದ ಕೆನ್ನೆಯ ಒಳಬದಿಗೆ ಬಿಡುವ ಔಷಧ ಕೊಟ್ಟು, ತೂಕ ಏರಿದ ಹಾಗೆ ಕಿಲೋಕ್ಕೆ 0.08 ಎಂ.ಎಲ್. ಲೆಕ್ಕದಲ್ಲಿ ಕೊಡಿ, ಹೆಚ್ಚಾದರೆ ಉಸಿರೇ ನಿಲ್ಲುತ್ತದೆ ಎಂದು ಎಚ್ಚರಿಸಿದ್ದರು. ಒಂದು ಮಧ್ಯಾಹ್ನ ಕೂಸಿನ ಕೈಕಾಲು ಸೆಟೆದವು. ನನ್ನ ಕೂಗು ಕೇಳಿ ಸಿಸ್ಟರ್ ಓಡಿ ಬಂದರು. ಊಟಕ್ಕೆ ಬಂದಿದ್ದ ನನ್ನ ಗಂಡ ಆಟೋ ತರಲು ಬೀದಿಗೆ ಓಡಿದ್ದ. ಅವನ ಮೊಬೈಲು ಅಲ್ಲೇ ಇತ್ತು. ಅದರ ಕ್ಯಾಲ್ಕುಲೇಟರಿನಲ್ಲಿ ಕೂಸಿನ ತೂಕ 6.8ನ್ನು 0.08ರಿಂದ ಗುಣಿಸಿದೆ. ಉತ್ತರ 1 ಎಂದು ಬಂತು.

ಸಿಸ್ಟರ್ ಸಿರಿಂಜು ತುಂಬಿಸಿ, ಬೆಳಕಿಗೆ ಹಿಡಿದು, "ಒಂದು ಎಂ.ಎಲ್." ಎಂದು ಎಡಕ್ಕೆ ಹೊರಳಿದರು. ಕಾದರು. ಮಗಳ ತುಟಿ ನೀಲಿಯಾಗುತ್ತಿತ್ತು.

"ಕೊಡ್ರಿ ಸಿಸ್ಟರ್, ನಿಮ್ಮ ಕಾಲಿಗೆ ಬೀಳ್ತೇನಿ" ಎಂದು ಅವರ ಕೈ ಜಗ್ಗಿದೆ. ಅದು ಅಲುಗಲಿಲ್ಲ.

"ಒಲ್ಲೆ ಅಂತಾಳ. ಇನ್ನೊಮ್ಮೆ ಮಾಡು."

ಮತ್ತೆ 1 ಬಂತು. ಅವರು ಮತ್ತೆ ಹೇಳಿದರು, ಮತ್ತೆ ಕಾದರು. ಆಗ ನನ್ನ ಕಿವಿಯ ಹತ್ತಿರ ಯಾರೋ ಉಸಿರಾಡಿದರು. ಅದು ನಮ್ಮ ಮೂವರ ಉಸಿರಲ್ಲ, ಸುಳ್ಳು ಹೇಳಲಾರೆ. ಮೊಬೈಲು ಬಿಸಾಕಿ, ನೆಲದ ಮೇಲೆ ಬೆರಳಿನಿಂದ ಬರೆದು ಗುಣಿಸಿದೆ. 0.544. ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ.

ನನ್ನ ಗಂಡನದು ಸೀರೆ ಅಂಗಡಿ. ಗಿರಾಕಿಗಳ ಮುಂದೆ ಪೈಸೆ ಕಾಣುವುದು ಬೇಡವೆಂದು, ಉತ್ತರದಲ್ಲಿ ಪಾಯಿಂಟಿನ ಮುಂದಿನದು ತೋರಿಸದೆ ಹತ್ತಿರದ ಪೂರ್ತಿ ಅಂಕಿಗೆ ತರುವಂತೆ ಆ್ಯಪನ್ನು ಹೊಂದಿಸಿಟ್ಟಿದ್ದ. ಅದು ಒಳಗೆ ಸರಿಯಾಗಿಯೇ ಲೆಕ್ಕ ಹಾಕಿ, ಹೊರಗೆ ಒಂದು ಎಂದು ತೋರಿಸಿತ್ತು.

ಸಿಸ್ಟರ್ ಹೆಚ್ಚಿನದನ್ನು ಚೆಲ್ಲಿ, "ಅರ್ಧ ಎಂ.ಎಲ್., ಮ್ಯಾಲೊಂದಿಷ್ಟು" ಎಂದರು. ತಕ್ಷಣ ತಲೆಯಾಡಿಸಿದರು. ಔಷಧ ಒಳಗೆ ಹೋಯಿತು. ನಿಧಾನಕ್ಕೆ ಕೂಸಿನ ಮುಷ್ಟಿ ಸಡಿಲವಾಯಿತು.

"ನನಗೂ ಒಂದು ಎಂ.ಎಲ್. ಅನ್ನೋದು ಖರೆ ಅನಿಸಿತ್ತವ್ವ" ಎಂದರು ಆಮೇಲೆ. "ನಾ ಒಬ್ಬಾಕಿ ಇದ್ದಿದ್ರ ಕೊಟ್ಟುಬಿಡ್ತಿದ್ದೆ."

ಹೋದ ವರ್ಷ ಸಿಸ್ಟರ್ ತೀರಿಕೊಂಡರು. ಮಗಳನ್ನು ಕಂಕುಳಲ್ಲಿ ಎತ್ತಿಕೊಂಡೇ ಮಣ್ಣು ಕೊಡಲು ಹೋಗಿದ್ದೆ. ಅವರಿಗೆ ಒಂದು ಹಿಡಿ ಮಣ್ಣು ಹಾಕಿ, ಮತ್ತೆ ಬಗ್ಗಿ ಇನ್ನೊಂದು ಹಿಡಿ ತೆಗೆದುಕೊಂಡೆ.

"ಅದು ಯಾರ ಹೆಸರಿಂದು?" ಎಂದು ಪಕ್ಕದ ಹೆಂಗಸು ಕೇಳಿದಳು.

ಹೂಂ ಅನ್ನುವಾಕೆಯ ಹೆಸರು ನನಗೆ ಗೊತ್ತಿರಲಿಲ್ಲ. ಹೇಳದೆಯೇ ಹಾಕಿದೆ.