ಭಾವನ ಕಾರು ಮತ್ತು ಅರ್ಧ ಇಂಚಿನ ಅಲ್ಯೂಮಿನಿಯಂ

ನಮ್ಮ ಭಾವ ಮೂವತ್ತೊಂದು ವರ್ಷ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತು ನಿವೃತ್ತರಾದವರು. ಮನೆಯ ಬಾಗಿಲಿನ ಹಿಡಿ, ಕಿಟಕಿಯ ಚಿಲಕ, ಅಕ್ಕನ ಹೊಲಿಗೆ ಯಂತ್ರದ ಚಿಕ್ಕ ಚಕ್ರ, ಎಲ್ಲವೂ ಅವರೇ ಕಡೆದವು. ತಾವು ಕಡೆದ ವಸ್ತುವಿನಲ್ಲಿ ದೋಷವಿರಬಹುದೆಂಬ ಸಾಧ್ಯತೆಯನ್ನು ಅವರು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಪರಿಗಣಿಸಿರಲಿಲ್ಲ.

ಅವರ ಕಾರಿಗೆ ನಲವತ್ತೆರಡು ವರ್ಷ. ಈ ಬೇಸಿಗೆಯಲ್ಲಿ ಅದಕ್ಕೊಂದು ಚಾಳಿ ಹತ್ತಿತು. ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಹೊರಡುತ್ತಿತ್ತು; ಓಡಿ ಬಿಸಿಯಾದ ಮೇಲೆ ಕಾಲು ಗಂಟೆ ನಿಲ್ಲಿಸಿದರೆ ಮಾತ್ರ ಜಪ್ಪಯ್ಯ ಅಂದರೂ ಹೊರಡುತ್ತಿರಲಿಲ್ಲ. ಎರಡು ಗಂಟೆ ಬಿಟ್ಟು ತಣ್ಣಗಾದರೆ ಏನೂ ಆಗದಂತೆ ಮತ್ತೆ ಹೊರಡುತ್ತಿತ್ತು. ಭಾವ ಪೆಟ್ರೋಲನ್ನು ದೂರಿದರು. ಬ್ಯಾಟರಿ ಬದಲಿಸಿದರು. ಪ್ಲಗ್ಗುಗಳನ್ನೂ ಬದಲಿಸಿದರು. ದಂತವೈದ್ಯರ ಮನೆಯೆದುರು ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕಾರು ತಳ್ಳಿದ ಅಕ್ಕ, ಹತ್ತಿ ತೆಗೆದ ಕೂಡಲೇ ತೀರ್ಪು ಕೊಟ್ಟಳು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಿಮ್ಮದೂ ಅದೇ. ಭಾನುವಾರ ಕೊಳ್ಳೋರು ಬರ್ತಾರೆ, ಕೊಟ್ಟುಬಿಡೋಣ.”

“ನನ್ನನ್ನೂ ಸೇರಿಸಿ ಕೊಟ್ಟುಬಿಡು.”

“ಕೇಳಿ ನೋಡ್ದೆ ಕಣ್ರೀ. ಕಾರು ಮಾತ್ರ ಸಾಕಂತೆ.”

ಶುಕ್ರವಾರ ಭಾವ ನನ್ನನ್ನು ಕರೆಸಿದರು. ಹತ್ತು ಕಿಲೋಮೀಟರು ಓಡಿಸಿ, ಷೆಡ್ಡಿನಲ್ಲಿ ನಿಲ್ಲಿಸಿ, ಬಾನೆಟ್ ಮುಚ್ಚಿಯೇ ಹದಿನೈದು ನಿಮಿಷ ಕಾದೆವು. ಆಮೇಲೆ ಅವರು ಗಾಳಿ ಸೋಸುವ ಡಬ್ಬಿ ಬಿಚ್ಚಿದರು. ನಾನು ಕಾರ್ಬ್ಯುರೇಟರಿನ ಗಂಟಲಿಗೆ ಟಾರ್ಚ್ ಹಿಡಿದೆ. ಇಂಜಿನ್ ನಿಂತಿದ್ದರೂ ಒಳಗೆ ಪೆಟ್ರೋಲ್ ಕುದಿದು ತೊಟ್ಟಿಕ್ಕುತ್ತಿತ್ತು.

“ನೋಡಯ್ಯ, ಮೂಗಿನ ಮಟ್ಟ ಪೆಟ್ರೋಲ್ ಕುಡಿದು ಕೂತಿದೆ, ಹೊರಡೋದು ಹೇಗೆ?” ಎಂದರು ಭಾವ. “ಅದು ಸಾಲದು ಅಂತ ನಾನು ಬೇರೆ ಆಕ್ಸಿಲರೇಟರ್ ತುಳಿದು ತುಳಿದು ಇನ್ನಷ್ಟು ಕುಡಿಸ್ತಿದ್ದೆ.”

“ಇಷ್ಟು ಬಿಸಿ ಎಲ್ಲಿಂದ ಬರುತ್ತೆ ಭಾವ?”

“ಇಂಜಿನ್ನಿಂದ, ಇನ್ನೆಲ್ಲಿಂದ? ಅದನ್ನ ತಡೆಯೋಕೇ ಅಂತ ಕಾರ್ಬ್ಯುರೇಟರಿನ ಕೆಳಗೆ ಅರ್ಧ ಇಂಚಿನದೊಂದು ತುಂಡು ಇದೆಯಲ್ಲ.”

ತುಂಡು ಇತ್ತು. ಕನ್ನಡಿಯಂತೆ ಹೊಳೆಯುತ್ತಿತ್ತು.

“ಇದು ಮೊದಲು ಕಪ್ಪಗಿತ್ತಲ್ವಾ?” ಎಂದೆ.

“ಅದು ಫೈಬರಿಂದು. ಸೀಳಿತ್ತು. ಚಳಿಗಾಲದಲ್ಲಿ ನಾನೇ ಅಲ್ಯೂಮಿನಿಯಂನಲ್ಲಿ...”

ಮಾತು ಅಲ್ಲಿಗೇ ನಿಂತಿತು. ಅಲ್ಯೂಮಿನಿಯಂ ಶಾಖವನ್ನು ತಡೆಯುವುದಿಲ್ಲ, ಹೊತ್ತೊಯ್ದು ತಲುಪಿಸುತ್ತದೆ. ಒಲೆಯಿಂದ ಪಾತ್ರೆ ಇಳಿಸಿದ ಯಾರಿಗಾದರೂ ಗೊತ್ತಿರುವ ಸಂಗತಿ. ಭಾವ ಒಲೆಯ ಹತ್ತಿರ ಸುಳಿದವರಲ್ಲ.

ಬಗ್ಗಿ ತುಂಡಿನ ಅಂಚು ನೋಡಿ, “ಅಳತೆ ಮಾತ್ರ ಕರಾರುವಾಕ್ಕಾಗಿದೆ,” ಎಂದರು.

ಶನಿವಾರ ಹಳೆಯ ಸ್ವಿಚ್ ಬೋರ್ಡಿನ, ಶಾಖ ದಾಟಿಸದ ಬೇಕಲೈಟ್ ಹಲಗೆಯನ್ನು ಕೊಯ್ದು, ಎರಡು ಪದರ ಜೋಡಿಸಿ ಹೊಸ ತುಂಡು ಕೂರಿಸಿದರು. ಪರೀಕ್ಷೆಯ ಸ್ಥಳವನ್ನು ಅಕ್ಕನೇ ಆರಿಸಿದಳು: ಊರ ಇನ್ನೊಂದು ತುದಿಯ ಬಟ್ಟೆ ಅಂಗಡಿ. ಕಾಲು ಗಂಟೆ ಒಳಗಿದ್ದು, ಏನೂ ಕೊಳ್ಳದೆ ಹೊರಬಂದು ಮುಂದಿನ ಸೀಟಿನಲ್ಲಿ ಕೂತಳು. ಭಾವ ಕೀಲಿ ತಿರುಗಿಸಿದರು. ಇಂಜಿನ್ ಶುರುವಾಯಿತು.

“ಅಂತೂ ಏನಾಗಿತ್ತಂತೆ?”

ಹಿಂದೆ ಕೂತಿದ್ದ ನನ್ನನ್ನು ಭಾವ ಕನ್ನಡಿಯಲ್ಲಿ ನೋಡಿದರು. ನಾನು ಕಿಟಕಿಯಾಚೆ ನೋಡಿದೆ.

“ನಾನು ಮಾಡಿದ ತುಂಡೇ ತಪ್ಪಾಗಿತ್ತು,” ಎಂದರು.

ಮದುವೆಯಾದ ಮೂವತ್ತಮೂರು ವರ್ಷಗಳಲ್ಲಿ ಅಕ್ಕ ಇಂಥ ವಾಕ್ಯ ಕೇಳಿದ್ದು ಅದೇ ಮೊದಲು.

“ಇಂಜಿನ್ ಆರಿಸಿ ಇನ್ನೊಂದು ಸಲ ಹೇಳ್ರೀ,” ಎಂದಳು.

ಭಾವ ಇಂಜಿನ್ ಆರಿಸಿ ಹೇಳಿದರು. ಅಕ್ಕ ಫೋನ್ ತೆಗೆದು, ಭಾನುವಾರ ಬರುವುದು ಬೇಡವೆಂದು ಕೊಳ್ಳುವವರಿಗೆ ತಿಳಿಸಿದಳು.