ಬೆನ್ನೊಳಗಿನ ಬೆಣ್ಣೆ

ಮಿತ್ರರೇ, ಕಾಲಿನ ಚಪ್ಪಲಿ ಜಾರಿದ್ದು ಕಾಲಿಗೇ ತಿಳಿಯದೆ ಹೋಗುವುದುಂಟೆ? ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ, ಪತಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಧಾರವಾಡದಿಂದ ವಡೋದರಾಕ್ಕೆ ಬಂದು ಮಂಜಲ್‌ಪುರದಲ್ಲಿ ಮನೆ ಹೂಡಿದ್ದೆವು. ಒಂದು ಮಧ್ಯಾಹ್ನ ತರಕಾರಿ ಕೊಂಡು ಮರಳುವಾಗ ಪಕ್ಕದ ಮನೆಯ ಜಶೋದಾಬೆನ್ ಹಿಂದಿನಿಂದ ಕೂಗಿ ಹೇಳುವವರೆಗೂ ನನ್ನ ಎಡಗಾಲು ಬರಿದಾಗಿದ್ದು ನನಗೆ ಗೊತ್ತಿರಲಿಲ್ಲ. ಕಾದ ಡಾಂಬರೂ ಅದನ್ನು ಸುಟ್ಟಿರಲಿಲ್ಲ.

ಕೆಲವು ತಿಂಗಳಿಂದ ಎರಡೂ ಕಾಲು ಭಾರವೆನಿಸಿದ್ದನ್ನು ನಾನು ವಯಸ್ಸಿನ ಮೇಲೆ ಹೊರಿಸಿ ಸುಮ್ಮನಿದ್ದೆ. ಚಪ್ಪಲಿ ಜಾರಿದ ಮೇಲೆ ಮಾಡಿಸಿದ ಬೆನ್ನಿನ ಸ್ಕ್ಯಾನ್ ಬೇರೆಯೇ ಕಥೆ ಹೇಳಿತು. ಅಹಮದಾಬಾದಿನ ಶಸ್ತ್ರವೈದ್ಯರು ಫಿಲ್ಮನ್ನು ಬೆಳಕಿಗೆ ಹಿಡಿದು, ಬೆನ್ನುಹುರಿಗೆ ಆತುಕೊಂಡು ಹೊಳೆಯುತ್ತಿದ್ದ ಬಿಳಿಯ ಮುದ್ದೆಯೊಂದನ್ನು ತೋರಿಸಿದರು. ಅದು ಕೊಬ್ಬಿನ ಗಂಟು. ಕ್ಯಾನ್ಸರ್ ಅಲ್ಲ, ಆದರೆ ಬಲು ಅಪರೂಪದ್ದು. ತುಪ್ಪ ತಿನ್ನುವುದನ್ನು ಬಿಟ್ಟರೆ ಕರಗೀತೇ ಎಂದು ನಾನು ಕೇಳಿದಾಗ ಅವರು ನಕ್ಕು, ಊಟಕ್ಕೂ ಅದಕ್ಕೂ ಸಂಬಂಧವಿಲ್ಲ, ಬಹುಶಃ ನೀವು ಹುಟ್ಟುವ ಮೊದಲೇ ಅದು ಅಲ್ಲಿತ್ತು ಎಂದರು. ನನಗೆ ಭಯಕ್ಕಿಂತ ಬೆರಗೇ ಹೆಚ್ಚಾಯಿತು. ನನ್ನೊಡನೆ ಶಾಲೆಗೆ ಹೋದ, ಹಸೆಮಣೆ ಏರಿದ, ರೈಲು ಹತ್ತಿ ಗುಜರಾತಿಗೂ ಬಂದ ಈ ಮೆತ್ತನೆಯ ಜೊತೆಗಾತಿಯ ಪರಿಚಯ ನನಗೇ ಇರಲಿಲ್ಲವಲ್ಲ!

ಪೂರ್ತಿ ತೆಗೆಯಲಾಗದು, ಕೊಬ್ಬು ಎಲ್ಲಿ ಮುಗಿದು ನರ ಎಲ್ಲಿ ಶುರುವಾಗುತ್ತದೆಂದು ಕಣ್ಣಿಗೆ ಕಾಣದು ಎಂದು ವೈದ್ಯರು ವಿವರಿಸಿದರು. ಒತ್ತಡ ಇಳಿಯುವಷ್ಟನ್ನು ತೆಗೆದು ಉಳಿದದ್ದನ್ನು ಬಿಡುವುದೇ ಜಾಣತನ. ಆದರೂ ಎಡಗಾಲಿನ ಸ್ಪರ್ಶ ಮರಳುತ್ತದೆಂಬ ಭರವಸೆ ಇಲ್ಲ, ಸುಮ್ಮನಿದ್ದರೆ ಎರಡೂ ಕಾಲು ಹೋಗಬಹುದು. ಪತಿ ಹೆದರಿ, ಊರಿಗೆ ಹೋಗಿ ಹಿರಿಯರನ್ನು ಕೇಳೋಣ ಎಂದರು.

“ನಡಿಯೋ ಕಾಲು ನನ್ನೂವು ರೀ,” ಎಂದೆ. “ನಾ ಮಾಡಿಸ್ಕೊಳ್ಳಾಕಿನ.”

ಶಸ್ತ್ರಕ್ರಿಯೆಯಾಯಿತು. ಬಲಗಾಲು ಬೇಗ ಚೇತರಿಸಿಕೊಂಡಿತು. ಎಡಗಾಲು ಮಾತ್ರ ಯಾರದೋ ಕಾಲಿನಂತೆ ಹಾಸಿಗೆಯಲ್ಲಿ ಬಿದ್ದಿತ್ತು. ಮನೆಗೆ ಬಂದು ಗೋಡೆ ಹಿಡಿದು ನಡೆಯತೊಡಗಿದೆ. ಬೇಡದ್ದನ್ನೆಲ್ಲ ಕಿತ್ತೊಗೆಯುವುದೇ ವಾಸಿಯಾಗುವ ದಾರಿ ಎಂದು ನಂಬಿದ್ದವಳಿಗೆ, ಬೇಡದ್ದರ ಒಂದು ಪಾಲಿನೊಡನೆ ಹೊಂದಿ ಬಾಳುವುದೂ ವಾಸಿಯೇ ಎಂಬುದು ನಿಧಾನವಾಗಿ ತಿಳಿಯತೊಡಗಿತ್ತು.

ಒಂದು ಬೆಳಿಗ್ಗೆ ಬಾಲ್ಕನಿಯಲ್ಲಿ ಕುಳಿತಿದ್ದಾಗ ಎಡಪಾದದ ಮೇಲೆ ಏನೋ ಸಣ್ಣಗೆ ಕಚಗುಳಿಯಿಟ್ಟಂತಾಯಿತು. ಬಗ್ಗಿ ನೋಡಿದೆ: ಇರುವೆ. ಪತಿ ಅದನ್ನು ಕೊಡವಲು ಕೈ ಚಾಚಿದರು. ನಾನು ಅವರ ಕೈ ಹಿಡಿದುಕೊಂಡೆ.

“ಇರ್ಲಿ ಬಿಡ್ರಿ,” ಎಂದೆ, “ಅಡ್ಡಾಡ್ಲಿ.”